ಹೆಡ್‌ಫೋನಿಗೂ ಬೇಕು ಸಾಲಾವಳಿ

ಬೆಂಗಳೂರಿನ ಕೃಷ್ಣರಾಜ ಮಾರುಕಟ್ಟೆಗೆ ಬೆಳಗಿನ ಜಾವದಲ್ಲಿ ಹೋದವರಿಗೆ ಒಂದು ಸಂಗತಿ ಬೇಗನೆ ಮನದಟ್ಟಾಗುತ್ತದೆ. ಅಲ್ಲಿ ಕೊಳ್ಳಲು ಬಂದವರೆಲ್ಲರೂ ಹೊಂದಾಣಿಕೆಯ ಪಂಡಿತರು. ಹಾರಕ್ಕೆ ಯಾವ ಸೇವಂತಿಗೆ, ಬಿಡಿಹೂವಿನ ಪೂಜೆಗೆ ಯಾವುದು, ಜಡೆಗೆ ಎಷ್ಟು ಮೊಳ ಮಲ್ಲಿಗೆ ಎಂಬುದನ್ನು ಗೃಹಿಣಿಯರು ಕ್ಷಣಮಾತ್ರದಲ್ಲಿ ನಿರ್ಣಯಿಸುತ್ತಾರೆ. ಹುಳಿಗೆ ಹಾಕುವ ಬದನೆಕಾಯಿ ಬೇರೆ, ಎಣ್ಣೆಗಾಯಿಗೆ ಒಪ್ಪುವ ಬದನೆಕಾಯಿ ಬೇರೆ. ಬೆಲೆ ಹೆಚ್ಚಿನದೆಂಬ ಒಂದೇ ಕಾರಣಕ್ಕೆ ಯಾರೂ ಯಾವುದನ್ನೂ ಚೀಲಕ್ಕೆ ಹಾಕಿಕೊಳ್ಳುವುದಿಲ್ಲ.

ಈ ಮಾರುಕಟ್ಟೆಯಿಂದ ಕಾಲ್ನಡಿಗೆಯ ದೂರದಲ್ಲಿಯೇ ಎಸ್.ಪಿ. ರಸ್ತೆಯಿದೆ. ಕಣ್ಣಿಗೆ ಕಾಣಿಸದಷ್ಟು ಸಣ್ಣ ಬಿಡಿಭಾಗದಿಂದ ಹಿಡಿದು ಇಡೀ ಕಂಪ್ಯೂಟರಿನವರೆಗೆ ಸಕಲ ವಿದ್ಯುನ್ಮಾನ ಸಾಮಗ್ರಿಯೂ ದೊರೆಯುವ ಇಕ್ಕಟ್ಟಿನ ಬೀದಿ ಅದು. ಹೂವು ತರಕಾರಿಗಳ ಆಯ್ಕೆಯಲ್ಲಿ ಅಷ್ಟೊಂದು ಜಾಣ್ಮೆ ತೋರುವ ಕುಟುಂಬದ ಯಜಮಾನರು ಇಂತಹ ಬೀದಿಗೆ ಕಾಲಿಟ್ಟೊಡನೆ ಆ ಜಾಣ್ಮೆಯನ್ನು ಮಾರುಕಟ್ಟೆಯಲ್ಲಿಯೇ ಬಿಟ್ಟುಬಂದವರಂತೆ, "ಒಳ್ಳೆಯ ಹೆಡ್‌ಫೋನು ಯಾವುದಿದೆ ಸ್ವಾಮಿ?" ಎಂದು ಕೇಳುತ್ತಾರೆ. "ಇದು ತಗೊಳ್ಳಿ ಸಾರ್, ಇದಕ್ಕಿಂತ ಮೇಲಿನದು ಇಲ್ಲ" ಎಂಬ ಉತ್ತರ ಬರುತ್ತದೆ. ಯಾವ ಯಂತ್ರಕ್ಕೆ ಜೋಡಿಸುವುದು ಎಂಬ ಪ್ರಶ್ನೆಯನ್ನು ಕೊಳ್ಳುವವರೂ ಕೇಳಿಕೊಳ್ಳುವುದಿಲ್ಲ, ಮಾರುವವರೂ ಬಹುಮಟ್ಟಿಗೆ ಕೇಳುವುದಿಲ್ಲ.

ಇದರ ಪರಿಣಾಮವೇನೆಂಬುದಕ್ಕೆ ಬಸವನಗುಡಿಯ ಗೃಹಸ್ಥರೊಬ್ಬರನ್ನು ಕಲ್ಪಿಸಿಕೊಳ್ಳಬಹುದು. ಮಕ್ಕಳ ಓದಿಗೆ ಭಂಗ ಬಾರದಂತೆ ರಾತ್ರಿಯ ಹೊತ್ತು ಮೈಸೂರು ವಿ. ದೊರೆಸ್ವಾಮಿ ಅಯ್ಯಂಗಾರ್ಯರ ವೀಣಾವಾದನವನ್ನು ಕೇಳಬೇಕೆಂಬುದು ಅವರ ಬಹುದಿನದ ಆಸೆ. ತಿಂಗಳ ಸಂಬಳದಷ್ಟು ಹಣ ತೆತ್ತು ಹೆಸರಾಂತ ಹೆಡ್‌ಫೋನೊಂದನ್ನು ತರುತ್ತಾರೆ. ಮೊಬೈಲಿಗೆ ಸಿಕ್ಕಿಸಿ ಕೇಳುತ್ತಾರೆ. ವೀಣೆ ಪಕ್ಕದ ಮನೆಯಲ್ಲಿ ನುಡಿದಂತೆ ಕ್ಷೀಣವಾಗಿದೆ! "ಆಂಪ್ಲಿಫೈಯರು ಬೇಕು" ಎಂದು ಯಾರೋ ಹೇಳಿದ ಮಾತನ್ನು ನಂಬಿ ಮತ್ತಷ್ಟು ಹಣ ಸುರಿದು ಅದನ್ನೂ ತರುತ್ತಾರೆ. ಈಗ ಸದ್ದೇನೋ ಬಂತು. ಆದರೆ ಮೃದಂಗದ ಎಡಭಾಗ ಮಾತ್ರ ಗುಮ್ಮೆಂದು ಮೊಳಗಿ ಉಳಿದುದನ್ನೆಲ್ಲ ನುಂಗಿತು. ಎರಡು ವಸ್ತುಗಳೂ ಒಂದೊಂದಾಗಿ ನೋಡಿದರೆ ಉತ್ತಮವಾದುವೇ. ಕೂಡಿ ಬಾಳಲಾರವು, ಅಷ್ಟೆ.

ಮಲ್ಲೇಶ್ವರ, ಚಾಮರಾಜಪೇಟೆಗಳ ಹಿರಿಯರಿಗೆ ಇದು ಹೊಸ ಸಮಸ್ಯೆಯೇನಲ್ಲ. ವರನೂ ಯೋಗ್ಯ, ವಧುವೂ ಯೋಗ್ಯಳು, ಆದರೂ ಸಾಲಾವಳಿ ಕೂಡಿಬರಲಿಲ್ಲವೆಂದು ಎಷ್ಟೋ ಸಂಬಂಧಗಳು ನಿಂತುಹೋಗಿವೆ. ಜಾತಕದ ಸಾಲಾವಳಿಯಲ್ಲಿ ನಂಬಿಕೆ ಇರಲಿ ಇಲ್ಲದಿರಲಿ, ಹೆಡ್‌ಫೋನಿನ ಸಾಲಾವಳಿಯನ್ನು ನಂಬಲೇಬೇಕು. ಏಕೆಂದರೆ ಅದನ್ನು ಪ್ರೌಢಶಾಲೆಯ ಗಣಿತದಿಂದಲೇ ಕಂಡುಕೊಳ್ಳಬಹುದು. ಅದರ ಕೂಟಗಳು ಮುಖ್ಯವಾಗಿ ಮೂರು: ಬಲ, ತಡೆ ಮತ್ತು ಮೂಲ.

ಹೆಡ್‌ಫೋನಿನ ಕುಲಗೋತ್ರ

ಹೆಡ್‌ಫೋನುಗಳಲ್ಲಿ ಇಷ್ಟೊಂದು ಭೇದಗಳು ಏಕೆ ಹುಟ್ಟಿದುವೆಂದು ತಿಳಿಯಬೇಕಾದರೆ ಅವುಗಳ ಪೂರ್ವಚರಿತ್ರೆಯನ್ನು ಸ್ವಲ್ಪ ನೋಡಬೇಕು. ಅಮೆರಿಕದ ಯೂಟಾ ಪ್ರಾಂತದ ನಥಾನಿಯಲ್ ಬಾಲ್ಡ್‌ವಿನ್ ಎಂಬಾತ ತನ್ನ ಅಡಿಗೆಮನೆಯಲ್ಲಿ ತಯಾರಿಸಿದ ಹೆಡ್‌ಫೋನುಗಳನ್ನು ಆ ದೇಶದ ನೌಕಾದಳ 1910ರ ಸುಮಾರಿಗೆ ಕೊಂಡುಕೊಂಡಿತು. ರೇಡಿಯೋ ಬಾಲ್ಯಾವಸ್ಥೆಯಲ್ಲಿದ್ದ ಆ ದಿನಗಳಲ್ಲಿ ಹರಳಿನ ರೇಡಿಯೋ ಬಳಕೆಯಲ್ಲಿತ್ತು. ಇಂತಹ ಹರಳಿನ ಗ್ರಾಹಕಕ್ಕೆ ಆಚಾರ್ಯ ಜಗದೀಶಚಂದ್ರ ಬೋಸರು ಪಡೆದ ಅಮೆರಿಕದ ಪೇಟೆಂಟು 1904ರದು. ಹರಳಿನ ರೇಡಿಯೋಗೆ ಬ್ಯಾಟರಿಯಿಲ್ಲ, ವಿದ್ಯುತ್ ಸಂಪರ್ಕವಿಲ್ಲ. ಆಕಾಶದಿಂದ ಬಂದ ಅಲ್ಪ ಶಕ್ತಿಯೇ ಅದರ ಸರ್ವಸ್ವ. ಆ ಅಲ್ಪ ಶಕ್ತಿಯನ್ನು ಪೋಲು ಮಾಡದೆ ಹೀರಿಕೊಳ್ಳಲೆಂದು ಕೂದಲಿನಂತಹ ತಂತಿಯನ್ನು ಸಾವಿರಾರು ಸುತ್ತು ಸುತ್ತಿ, 2000 ಓಮ್‌ನಷ್ಟು ತಡೆಯುಳ್ಳ ಹೆಡ್‌ಫೋನುಗಳನ್ನು ಮಾಡುತ್ತಿದ್ದರು. ಮೈಸೂರಿನ ಮಹಾರಾಜಾ ಕಾಲೇಜಿನ ಮನಶ್ಶಾಸ್ತ್ರದ ಪ್ರಾಧ್ಯಾಪಕರಾದ ಎಂ. ವಿ. ಗೋಪಾಲಸ್ವಾಮಿಯವರು 1935ರಲ್ಲಿ ತಮ್ಮ ಮನೆಯಿಂದಲೇ ಪ್ರಸಾರ ಆರಂಭಿಸಿದಾಗ ಅವರ ಪ್ರೇಷಕದ ಸಾಮರ್ಥ್ಯ 30 ವ್ಯಾಟ್ ಮಾತ್ರ. ಹಿಂದಿನ ಕಾಲದ ಒಂದು ಸಾಧಾರಣ ವಿದ್ಯುದ್ದೀಪದ ಶಕ್ತಿಗಿಂತ ಹೆಚ್ಚೇನೂ ಅಲ್ಲದ ಆ ಶಕ್ತಿಯಲ್ಲಿ 'ಆಕಾಶವಾಣಿ' ಮೈಸೂರಿಗೆ ಕೇಳಿಸಿತು! ಅಲ್ಪವನ್ನು ಹೊಂದಾಣಿಕೆಯಿಂದ ಸಾರ್ಥಕಗೊಳಿಸುವುದು ಆ ಯುಗದ ಧರ್ಮವಾಗಿತ್ತು.

ಮುಂದೆ ಪ್ರಸಾರ ಕೇಂದ್ರಗಳೂ ಧ್ವನಿಮುದ್ರಣ ಶಾಲೆಗಳೂ ಬೆಳೆದುವು. ಅಲ್ಲಿ ವಿದ್ಯುತ್ತಿಗೆ ಕೊರತೆಯಿಲ್ಲ; ಒಂದೇ ಯಂತ್ರಕ್ಕೆ ನಾಲ್ಕಾರು ಜನ ಹೆಡ್‌ಫೋನು ಸಿಕ್ಕಿಸಬೇಕಾಗುತ್ತಿತ್ತು. ಅಲ್ಲಿಗೆ 600 ಓಮ್‌ನ ಹೆಡ್‌ಫೋನುಗಳು ಒಪ್ಪಿದುವು. 1958ರಲ್ಲಿ ಅಮೆರಿಕದ ಜಾನ್ ಕಾಸ್ ಸ್ಟೀರಿಯೋ ಹೆಡ್‌ಫೋನನ್ನು ಮನೆಮನೆಯ ವಿನೋದದ ವಸ್ತುವನ್ನಾಗಿ ಮಾಡಿದ. 1979ರಲ್ಲಿ ಜಪಾನಿನ ಸೋನಿ ಸಂಸ್ಥೆಯ 'ವಾಕ್‌ಮನ್' ಬಂದ ಮೇಲೆ ಸಂಗೀತ ಜೇಬಿಗೆ ಇಳಿಯಿತು. ಎರಡು ಸಣ್ಣ ಬ್ಯಾಟರಿಗಳಿಂದ ಹೆಚ್ಚಿನ ವೋಲ್ಟೇಜು ಹೊರಡದು. ಆದ್ದರಿಂದ ಕಡಮೆ ವೋಲ್ಟೇಜಿನಲ್ಲಿಯೇ ಹಾಡಬಲ್ಲ, 32 ಓಮ್‌ನ ಆಸುಪಾಸಿನ ಹೆಡ್‌ಫೋನುಗಳು ಎಲ್ಲೆಡೆ ಹಬ್ಬಿದುವು. 2016ರಲ್ಲಿ ಆಪಲ್ ಸಂಸ್ಥೆ ತನ್ನ ಫೋನಿನಿಂದ ಹೆಡ್‌ಫೋನಿನ ತೂತನ್ನೇ ತೆಗೆದುಹಾಕಿತು, ಇತರರೂ ಅನುಸರಿಸಿದರು. ಅಂದಿನಿಂದ ಆಂಪ್ಲಿಫೈಯರು ಫೋನಿನ ಹೊರಗೆ, ಬೆರಳುದ್ದದ ಒಂದು ತಂತಿಯ ತುದಿಯಲ್ಲಿ ಬಂದು ಕುಳಿತಿತು.

ಹೀಗೆ ಪ್ರತಿಯೊಂದು ಜಾತಿಯ ಹೆಡ್‌ಫೋನೂ ತನ್ನ ಕಾಲದ ಯಾವುದೋ ಒಂದು ಯಂತ್ರಕ್ಕಾಗಿ ಹುಟ್ಟಿದ್ದು. ಆ ಯಂತ್ರವನ್ನು ಬಿಟ್ಟು ಬೇರೊಂದಕ್ಕೆ ಕಟ್ಟಿಹಾಕಿದಾಗಲೇ ವಿರಸ ಆರಂಭವಾಗುವುದು.

ಮೊದಲನೆಯದು: ಬಲ

ಸಂಗೀತದ ಸದ್ದು ಕೇಳುವವನನ್ನು ಮುಟ್ಟಬೇಕಾದರೆ ತಕ್ಕಷ್ಟು ಬಲ ಬೇಕೆಂಬುದು ಕರ್ನಾಟಕದ ವಿದ್ವಾಂಸರಿಗೆ ಹಿಂದಿನಿಂದಲೂ ತಿಳಿದ ವಿಷಯ. ಧ್ವನಿವರ್ಧಕಗಳಿಲ್ಲದ ದಿನಗಳಲ್ಲಿ ತಮ್ಮ ಪಿಟೀಲು ಸಭೆಯ ಹಿಂದಿನ ಸಾಲಿಗೆ ಕೇಳಿಸದೆಂದು ಮನಗಂಡ ಟಿ. ಚೌಡಯ್ಯನವರು ನಾಲ್ಕು ತಂತಿಗಳಿಗೆ ಮತ್ತೆ ಮೂರನ್ನು ಕೂಡಿಸಿ ಏಳು ತಂತಿಗಳ ಪಿಟೀಲನ್ನು ರೂಪಿಸಿದರು. ಸಭೆಗೆ ತಕ್ಕ ವಾದ್ಯ ಎಂಬುದೇ ಅವರ ವಿಚಾರ. ಹೆಡ್‌ಫೋನಿನಲ್ಲಿಯೂ ಕೇಳಬೇಕಾದ ಪ್ರಶ್ನೆ ಅದೇ: ಇದನ್ನು ನುಡಿಸಲು ಎಷ್ಟು ಬಲ ಬೇಕು?

ಇದಕ್ಕೆ ಉತ್ತರ ಡಬ್ಬಿಯ ಮೇಲೆಯೇ ಅಚ್ಚಾಗಿರುತ್ತದೆ. ಅಲ್ಲಿ ಎರಡು ಅಂಕಿಗಳನ್ನು ಗಮನಿಸಬೇಕು. ಇಂಪಿಡೆನ್ಸ್ ಎಂಬುದು ವಿದ್ಯುತ್ ಪ್ರವಾಹಕ್ಕೆ ಹೆಡ್‌ಫೋನು ಒಡ್ಡುವ ತಡೆ. ಅದರ ಮಾನ ಓಮ್. ಸೆನ್ಸಿಟಿವಿಟಿ ಎಂಬುದು ಒಂದು ಮಿಲಿವ್ಯಾಟ್ ಶಕ್ತಿ ಕೊಟ್ಟಾಗ ಅದು ಎಷ್ಟು ಡೆಸಿಬೆಲ್ ಸದ್ದು ಮಾಡುತ್ತದೆಂಬ ಲೆಕ್ಕ; ಇದನ್ನು ಸಂವೇದನೆ ಎನ್ನಬಹುದು. ಕೆಲವು ತಯಾರಕರು ಮಿಲಿವ್ಯಾಟಿಗೆ ಬದಲು ಒಂದು ವೋಲ್ಟಿಗೆ ಲೆಕ್ಕ ಕೊಡುತ್ತಾರೆ. ಎರಡನ್ನೂ ಒಂದೇ ಎಂದು ಭಾವಿಸಿ ಹೋಲಿಸಬಾರದು.

ತಡೆ ಹೆಚ್ಚಾದಷ್ಟೂ ಹೆಡ್‌ಫೋನನ್ನು ನುಡಿಸುವುದು ಕಷ್ಟ ಎಂಬುದು ಜನಜನಿತವಾದ ನಂಬಿಕೆ. ಇದು ಅರ್ಧಸತ್ಯ. ಮಹಡಿಯ ನೀರಿನ ತೊಟ್ಟಿಯನ್ನು ನೆನೆದರೆ ಇದು ತಿಳಿಯಾಗುತ್ತದೆ. ನಲ್ಲಿಯಲ್ಲಿ ನೀರು ಚೆನ್ನಾಗಿ ಬರಲು ಒತ್ತಡವೂ ಬೇಕು, ಕೊಳವೆಯಲ್ಲಿ ಹರಿವೂ ಬೇಕು. ವೋಲ್ಟೇಜೆಂಬುದು ಒತ್ತಡ, ಕರೆಂಟೆಂಬುದು ಹರಿವು, ಇವೆರಡರ ಗುಣಲಬ್ಧವೇ ಶಕ್ತಿ. ಸಪೂರವಾದ ಕೊಳವೆಗೆ ಒತ್ತಡ ಹೆಚ್ಚು ಬೇಕು, ಹರಿವು ಕಡಮೆ ಸಾಕು. ದಪ್ಪ ಕೊಳವೆಗೆ ಒತ್ತಡ ಕಡಮೆ ಸಾಕು, ಹರಿವು ಹೆಚ್ಚು ಬೇಕು.

ಈಗ ಮೂರು ಹೆಡ್‌ಫೋನುಗಳನ್ನು ತಕ್ಕಡಿಯಲ್ಲಿಟ್ಟು ತೂಗಬಹುದು. ಸಾಮಾನ್ಯವಾಗಿ 75 ಡೆಸಿಬೆಲ್ಲಿನ ಸುಮಾರಿನಲ್ಲಿ ಸಂಗೀತ ಕೇಳುವವರಿಗೂ ಮೃದಂಗದ ಒಂದು ಪೆಟ್ಟು ಬಿದ್ದ ಕ್ಷಣದಲ್ಲಿ ಸದ್ದು ಅದಕ್ಕಿಂತ 20 ಡೆಸಿಬೆಲ್ ಅಥವಾ ಇನ್ನೂ ಹೆಚ್ಚು ಮೇಲಕ್ಕೆ ಜಿಗಿಯಬಹುದು. ಅಂತಹ ಕ್ಷಣಗಳಿಗೆಂದು ಸ್ವಲ್ಪ ಉದಾರವಾಗಿಯೇ 110 ಡೆಸಿಬೆಲ್ಲಿನವರೆಗೆ ಅವಕಾಶವಿಟ್ಟುಕೊಂಡರೆ ಲೆಕ್ಕ ಹೀಗಾಗುತ್ತದೆ. 32 ಓಮ್, 97 ಡೆಸಿಬೆಲ್ ಸಂವೇದನೆಯ ಹೆಡ್‌ಫೋನಿಗೆ 20 ಮಿಲಿವ್ಯಾಟ್ ಬೇಕು, ಅಂದರೆ 0.8 ವೋಲ್ಟ್, 25 ಮಿಲಿ ಆಂಪಿಯರ್. ಅದೇ ಸಂವೇದನೆಯುಳ್ಳ 300 ಓಮ್‌ನ ಹೆಡ್‌ಫೋನಿಗೂ 20 ಮಿಲಿವ್ಯಾಟೇ ಬೇಕು. ಆದರೆ ಅದನ್ನು ಪಡೆಯಲು 2.45 ವೋಲ್ಟ್ ಒತ್ತಡ ಬೇಕು, ಕರೆಂಟು ಮಾತ್ರ 8 ಮಿಲಿ ಆಂಪಿಯರ್ ಸಾಕು. ಮೂರನೆಯದು ತೆಳುವಾದ ಹಾಳೆ ಮತ್ತು ಅಯಸ್ಕಾಂತಗಳ ಸಾಲಿನಿಂದ ರಚಿತವಾದ, 'ಪ್ಲೇನಾರ್' ಎಂದು ಕರೆಯುವ ಬಗೆ. ಈ ಬಗೆಯ ಭಾರವಾದ ಮಾದರಿಯೊಂದಕ್ಕೆ 50 ಓಮ್, 84 ಡೆಸಿಬೆಲ್ ಎಂದಿಟ್ಟುಕೊಂಡರೆ ಅದಕ್ಕೆ 400 ಮಿಲಿವ್ಯಾಟ್ ಬೇಕಾಗುತ್ತದೆ, ಸುಮಾರು 4.5 ವೋಲ್ಟ್, 89 ಮಿಲಿ ಆಂಪಿಯರ್. ಓಮ್ ಮಾತ್ರ ನೋಡಿದವರಿಗೆ 300ರದೇ ಕಠಿನವೆಂದು ತೋರುತ್ತದೆ. ವಾಸ್ತವದಲ್ಲಿ 50ರದು ಅದಕ್ಕಿಂತ ಇಪ್ಪತ್ತು ಪಟ್ಟು ಹಸಿದ ಪ್ರಾಣಿ!

ಫೋನಿನ ತುದಿಗೆ ಸಿಕ್ಕಿಸುವ ಬೆರಳುದ್ದದ ಸಾಧನ ಹೊರಡಿಸುವುದು ಬಹುಮಟ್ಟಿಗೆ 1 ವೋಲ್ಟ್. ಮೊದಲನೆಯ ಹೆಡ್‌ಫೋನಿಗೆ ಅದೇ ಧಾರಾಳ. ಅದಕ್ಕೆಂದು ಪ್ರತ್ಯೇಕ ಆಂಪ್ಲಿಫೈಯರು ಕೊಳ್ಳುವುದು ಹಣದ ಅಪವ್ಯಯ. ಎರಡನೆಯದು 102 ಡೆಸಿಬೆಲ್ಲಿನವರೆಗೆ ಮಾತ್ರ ಏರಬಲ್ಲುದು. ಮೆಲ್ಲಗೆ ಕೇಳುವವರಿಗೆ ಇದೂ ಸಾಕಾಗಬಹುದು. ಆದರೆ ಬಹಳ ಮೆಲ್ಲನೆಯ ಮಟ್ಟದಲ್ಲಿ ಮುದ್ರಿತವಾದ ಹಳೆಯ ಕಚೇರಿಯನ್ನು ಹಾಕಿದಾಗ ತಿರುಗುಣಿಯನ್ನು ಕೊನೆಯವರೆಗೆ ತಿರುಗಿಸಿದರೂ ತೃಪ್ತಿಯಾಗದು. ಮೂರನೆಯದಕ್ಕೆ ಮೇಜಿನ ಮೇಲೆ ಕೂರುವ, ನಿಜವಾದ ಬಲವುಳ್ಳ ಆಂಪ್ಲಿಫೈಯರು ಅನಿವಾರ್ಯ. ಈಚೆಗೆ ಬಳಕೆಗೆ ಬಂದಿರುವ 'ಬ್ಯಾಲೆನ್ಸ್ಡ್' ಜೋಡಣೆಯಿಂದ ವೋಲ್ಟೇಜು ಇಮ್ಮಡಿಯಾಗುವುದುಂಟು. ಬಲ ಸಾಲದವರಿಗೆ ಅದು ಉಪಯುಕ್ತ. ಬಲ ಸಾಕಷ್ಟಿರುವವರಿಗೆ ಅದು ಅಲಂಕಾರ.

ಬಲ ಹೆಚ್ಚಾದರೂ ಕಷ್ಟವುಂಟು. ಕಿವಿಯೊಳಗೆ ತೂರಿಸುವ ಅತಿ ಸಂವೇದನೆಯ ಪುಟ್ಟ ಇಯರ್‌ಫೋನಿಗೆ ಭಾರಿ ಆಂಪ್ಲಿಫೈಯರನ್ನು ಜೋಡಿಸಿದರೆ ಹಾಡು ನಿಂತ ಮೌನದಲ್ಲಿಯೂ 'ಸ್‌ಸ್' ಎಂಬ ಸದ್ದು ಕೇಳುತ್ತಿರುತ್ತದೆ. ತಿರುಗುಣಿಯನ್ನು ಕೂದಲೆಳೆಯಷ್ಟು ತಿರುಗಿಸುವಷ್ಟರಲ್ಲಿ ಸದ್ದು ಮಿತಿಮೀರುತ್ತದೆ. ಅಷ್ಟು ಕೆಳಗಿನ ಅಂತರದಲ್ಲಿ ಎಡಕಿವಿಗೊಂದು ಪ್ರಮಾಣ, ಬಲಕಿವಿಗೊಂದು ಪ್ರಮಾಣ ಬರುವುದೂ ಸಾಮಾನ್ಯ. ಗುಬ್ಬಿಯ ಮೇಲೆ ಬ್ರಹ್ಮಾಸ್ತ್ರ ಎಂಬ ಗಾದೆ ಇಲ್ಲಿ ಅಕ್ಷರಶಃ ಸಲ್ಲುತ್ತದೆ.

ಎರಡನೆಯದು: ತಡೆ

ಹೆಡ್‌ಫೋನಿಗೆ ತಡೆಯಿರುವಂತೆ ಆಂಪ್ಲಿಫೈಯರಿನ ಹೊರಬಾಗಿಲಿಗೂ ತನ್ನದೇ ಆದ ಒಂದು ತಡೆಯಿದೆ. ಬಸವನಗುಡಿಯ ಆ ಗೃಹಸ್ಥರ ಮೃದಂಗ ಗುಮ್ಮೆಂದುದಕ್ಕೆ ಕಾರಣ ಬಹುಶಃ ಇದೇ. ಹೆಡ್‌ಫೋನಿನ ಮೇಲೆ ಬರೆದ 32 ಅಥವಾ 300 ಎಂಬ ಅಂಕಿ ಎಲ್ಲ ಸ್ವರಗಳಿಗೂ ಒಂದೇ ಆಗಿ ಇರುವುದಿಲ್ಲ. ಸಾಮಾನ್ಯ ಬಗೆಯ ಅನೇಕ ಹೆಡ್‌ಫೋನುಗಳಲ್ಲಿ ಮಂದ್ರಸ್ವರಗಳ ಬಳಿ ಆ ತಡೆ ಥಟ್ಟನೆ ಮೇಲೇರುತ್ತದೆ.

32 ಓಮ್‌ನ ಹೆಡ್‌ಫೋನೊಂದರ ತಡೆ ಮಂದ್ರದಲ್ಲಿ 64 ಓಮ್‌ಗೆ ಏರುತ್ತದೆಂದು ಭಾವಿಸಿದರೆ, ಮತ್ತು ಆಂಪ್ಲಿಫೈಯರಿನ ಹೊರತಡೆ 100 ಓಮ್ ಇದ್ದರೆ, ಮಂದ್ರಸ್ವರಗಳು ಉಳಿದವುಗಳಿಗಿಂತ ಸುಮಾರು 4 ಡೆಸಿಬೆಲ್ ಹೆಚ್ಚಾಗಿ ಕೇಳಿಸುತ್ತವೆ. ಸಂಗೀತಗಾರನು ಉದ್ದೇಶಿಸದಿದ್ದ ಮೊಳಗು ಹುಟ್ಟುವುದು ಹೀಗೆ. ಅದೇ ಹೆಡ್‌ಫೋನಿಗೆ ಕೇವಲ 1 ಓಮ್ ಹೊರತಡೆಯ ಆಂಪ್ಲಿಫೈಯರನ್ನು ಜೋಡಿಸಿದರೆ ಈ ವ್ಯತ್ಯಾಸ ಒಂದು ಡೆಸಿಬೆಲ್ಲಿನ ಹತ್ತರಲ್ಲೊಂದರ ಆಸುಪಾಸಿಗೆ ಇಳಿಯುತ್ತದೆ. ಕಿವಿಗೆ ಅದು ಗೊತ್ತೇ ಆಗದು. ಆದಕಾರಣ ಆಂಪ್ಲಿಫೈಯರಿನ ಹೊರತಡೆ ಹೆಡ್‌ಫೋನಿನ ತಡೆಯ ಎಂಟನೆಯ ಒಂದು ಭಾಗಕ್ಕಿಂತ ಕಡಮೆ ಇರಬೇಕೆಂಬುದು ಬಲ್ಲವರ ನಿಯಮ. 32 ಓಮ್‌ಗೆ 4ರೊಳಗೆ. 300 ಓಮ್‌ಗೆ 37ರೊಳಗೆ. ಪ್ಲೇನಾರ್ ಬಗೆಯಲ್ಲಿ ಮಾತ್ರ ತಡೆ ಎಲ್ಲ ಸ್ವರಗಳಿಗೂ ಸರಿಸುಮಾರು ಒಂದೇ ಆಗಿರುವುದರಿಂದ ಸ್ವರೂಪ ಕೆಡುವುದಿಲ್ಲ; ಬಲ ಮಾತ್ರ ವ್ಯರ್ಥವಾಗುತ್ತದೆ.

ವಾಲ್ವಿನ ಆಂಪ್ಲಿಫೈಯರುಗಳ ಮೋಹಕ್ಕೆ ಸಿಕ್ಕವರು ಈ ನಿಯಮವನ್ನು ವಿಶೇಷವಾಗಿ ನೆನಪಿಡಬೇಕು. ಬೆಂಗಳೂರಿಗೂ ವಾಲ್ವಿಗೂ ಹಳೆಯ ನಂಟು. 1954ರಲ್ಲಿ ಇಲ್ಲಿ ಸ್ಥಾಪಿತವಾದ ಭಾರತ್ ಎಲೆಕ್ಟ್ರಾನಿಕ್ಸ್ ಸಂಸ್ಥೆ 1960ರ ದಶಕದಲ್ಲಿ ರೇಡಿಯೋ ವಾಲ್ವುಗಳನ್ನು ತಯಾರಿಸುತ್ತಿತ್ತು. ಅದರ ಮುದ್ರೆಯುಳ್ಳ ಹಳೆಯ ವಾಲ್ವುಗಳನ್ನು ದೇಶವಿದೇಶಗಳ ಆಸಕ್ತರು ಈಗಲೂ ಹುಡುಕಿ ಕೊಳ್ಳುತ್ತಾರೆ. ಗಾಜಿನೊಳಗೆ ಕೆಂಡದಂತೆ ಮಿನುಗುವ ತಂತಿಯ ಚೆಲುವಿಗೆ ಮಾರುಹೋಗದವರಾರು? ಆದರೆ ಟ್ರಾನ್ಸ್‌ಫಾರ್ಮರಿಲ್ಲದೆ ನೇರವಾಗಿ ಹೆಡ್‌ಫೋನನ್ನು ನುಡಿಸುವ ವಾಲ್ವಿನ ಯಂತ್ರಗಳ ಹೊರತಡೆ ಹತ್ತಾರು ಓಮ್, ಕೆಲವೊಮ್ಮೆ ನೂರನ್ನೂ ದಾಟುತ್ತದೆ. 300 ಅಥವಾ 600 ಓಮ್‌ನ ಹೆಡ್‌ಫೋನಿಗೆ ಅದು ಒಪ್ಪುತ್ತದೆ. ಎಂಟನೆಯ ಭಾಗದ ನಿಯಮ ತುಸು ಮೀರಿದರೂ ಅಲ್ಲಿ ಆಗುವ ಬದಲಾವಣೆ ಒಂದು ಡೆಸಿಬೆಲ್ಲಿನ ಸುಮಾರಿನದು, ಹಲವರಿಗೆ ಅದು ಹಿತವೇ ಆಗಿ ಕೇಳುತ್ತದೆ. 32 ಓಮ್‌ನದಕ್ಕೆ ಮಾತ್ರ ಅದು ಸಲ್ಲದ ಸಂಬಂಧ. ಅಲ್ಲದೆ ಇಂತಹ ಯಂತ್ರದ ಒಳಗೆ ನೂರಾರು ವೋಲ್ಟುಗಳ ವಿದ್ಯುತ್ತು ಇರುತ್ತದೆ. ತಂತಿಯನ್ನು ಕಿತ್ತ ಮೇಲೂ ಕೆಲಹೊತ್ತು ಉಳಿದಿರುತ್ತದೆ. ಬಲ್ಲವರಲ್ಲದವರು ಮುಚ್ಚಳ ತೆಗೆಯಬಾರದು. ಮಕ್ಕಳಿರುವ ಮನೆಯಲ್ಲಂತೂ ಎಚ್ಚರಿಕೆ ಇಮ್ಮಡಿಯಾಗಿರಬೇಕು.

ಮೂರನೆಯದು: ಮೂಲ

ಆಂಪ್ಲಿಫೈಯರು ತನಗೆ ಬಂದುದನ್ನು ಹಿಗ್ಗಿಸುತ್ತದೆ, ಇಲ್ಲದುದನ್ನು ಸೃಷ್ಟಿಸಲಾರದು. ಬರುವುದು ಎಲ್ಲಿಂದ? ಇಂದು ಬಹುತೇಕ ಸಂಗೀತ ಅಂಕಿಗಳ ರೂಪದಲ್ಲಿರುತ್ತದೆ. ಆ ಅಂಕಿಗಳನ್ನು ಮತ್ತೆ ವಿದ್ಯುತ್ತಿನ ಅಲೆಯನ್ನಾಗಿ ಮಾರ್ಪಡಿಸುವ ಸಾಧನಕ್ಕೆ 'ಡ್ಯಾಕ್' ಎಂದು ಹೆಸರು. ಅದು ಮೊಬೈಲಿನಲ್ಲಿಯೂ ಇದೆ, ಬೆರಳುದ್ದದ ತಂತಿಯಲ್ಲಿಯೂ ಇದೆ, ಲಕ್ಷ ರೂಪಾಯಿಯ ಪೆಟ್ಟಿಗೆಯಲ್ಲಿಯೂ ಇದೆ.

ಈ ಪೆಟ್ಟಿಗೆಗಳ ವಿಷಯದಲ್ಲಿ ಮಧ್ಯಮವರ್ಗದವರು ಅಷ್ಟಾಗಿ ತಲೆ ಕೆಡಿಸಿಕೊಳ್ಳಬೇಕಾಗಿಲ್ಲ. 1982ರಲ್ಲಿ ಬಂದ ಕಾಂಪ್ಯಾಕ್ಟ್ ಡಿಸ್ಕಿನಲ್ಲಿ ಸೆಕೆಂಡಿಗೆ 44,100 ಬಾರಿ, 16 ಬಿಟ್‌ಗಳಲ್ಲಿ ಧ್ವನಿಯನ್ನು ಅಳೆದಿಡುತ್ತಾರೆ. ಇದರಿಂದ ಸೆಕೆಂಡಿಗೆ 22,050 ಕಂಪನಗಳವರೆಗಿನ ಸ್ವರವನ್ನು ಹಿಡಿಯಬಹುದು. ಮೆಲ್ಲನೆಯ ಸದ್ದಿಗೂ ಜೋರಾದ ಸದ್ದಿಗೂ ಸುಮಾರು 96 ಡೆಸಿಬೆಲ್ ಅಂತರವನ್ನು ಉಳಿಸಬಹುದು. ಎಳೆಯ, ಆರೋಗ್ಯವಂತ ಕಿವಿಗೂ ಕೇಳಿಸುವುದು ಸುಮಾರು 20,000 ಕಂಪನಗಳವರೆಗೆ ಮಾತ್ರ. ಅರುವತ್ತು ದಾಟಿದವರಲ್ಲಿ ಬಹುಮಂದಿಗೆ 12,000ದ ಮೇಲಿನದು ಕೇಳಿಸುವುದು ದುರ್ಲಭ. ಹೀಗಿರುವಲ್ಲಿ ಅದಕ್ಕೂ ಮೀರಿದ ಅಂಕಿಗಳಿಗಾಗಿ ಹಣ ತೆರುವುದರಲ್ಲಿ ಅರ್ಥವಿಲ್ಲ. ಇಂದಿನ ಸಾಧಾರಣ ಬೆಲೆಯ ಉತ್ತಮ ಡ್ಯಾಕುಗಳೇ ಈ ಮಟ್ಟವನ್ನು ಮುಟ್ಟುತ್ತವೆ.

ನಿಜವಾದ ಮೂಲ ಯಂತ್ರವಲ್ಲ, ಮುದ್ರಣ. ಗಾಯಕನೆದುರು ಮೈಕನ್ನು ಹೇಗಿಟ್ಟರು, ಟೇಪನ್ನು ಎಷ್ಟು ಜೋಪಾನವಾಗಿ ಕಾಪಾಡಿದರು, ಅದನ್ನು ಕಂಪ್ಯೂಟರಿಗೆ ಇಳಿಸಿದವರು ಎಷ್ಟು ಅಡಕಿದರು ಎಂಬುದರ ಮೇಲೆ ಎಲ್ಲವೂ ನಿಂತಿದೆ. ಚಾಮರಾಜಪೇಟೆಯ ಕೋಟೆ ಪ್ರೌಢಶಾಲೆಯ ಮೈದಾನದಲ್ಲಿ ಹೆಸರಾದ, 1939ರಲ್ಲಿ ಆರಂಭವಾದ ಶ್ರೀ ರಾಮಸೇವಾ ಮಂಡಳಿಯ ರಾಮನವಮಿ ಕಚೇರಿಗಳಂತಹ ಬಯಲು ಸಭೆಗಳ ಮುದ್ರಣದಲ್ಲಿ ಸಭಿಕರ ಕೆಮ್ಮು, ಬೀದಿಯ ಸದ್ದು, ಎಲ್ಲವೂ ಬೆರೆತಿರುವುದು ಸಹಜ. ಅತಿ ಸೂಕ್ಷ್ಮವಾಗಿ ಕೇಳಿಸುವ ಹೆಡ್‌ಫೋನು ಇವನ್ನೂ ಅಷ್ಟೇ ಸೂಕ್ಷ್ಮವಾಗಿ ಕೇಳಿಸುತ್ತದೆ! ಹಳೆಯ ಗ್ರಾಮಫೋನ್ ಪ್ಲೇಟುಗಳನ್ನೂ ಆಕಾಶವಾಣಿಯ ಟೇಪುಗಳನ್ನೂ ಪ್ರೀತಿಸುವವರಿಗೆ ಮೇಲಿನ ಸ್ವರಗಳನ್ನು ತುಸು ಮೆಲ್ಲಗೆ ನುಡಿಸುವ ಹೆಡ್‌ಫೋನೇ ಲೇಸು. ಹೀಗೆ ಕೇಳುವ ಸಂಗೀತಕ್ಕೂ ಹೆಡ್‌ಫೋನಿಗೂ ಸಾಲಾವಳಿ ಕೂಡಬೇಕಾಗುತ್ತದೆ.

ಇಷ್ಟೊಂದು ಲೆಕ್ಕಾಚಾರ ತಮಗೆ ಬೇಡವೆನ್ನುವವರಿಗೂ ಒಂದು ಮಾರ್ಗವಿದೆ. ನಿಸ್ತಂತು ಹೆಡ್‌ಫೋನಿನ ಒಳಗೆ ಡ್ಯಾಕು ಮತ್ತು ಆಂಪ್ಲಿಫೈಯರುಗಳೆರಡೂ ಇರುತ್ತವೆ. ಸಂಬಂಧವನ್ನು ತಯಾರಕರೇ ಕುದುರಿಸಿ ಕಳುಹಿಸಿರುತ್ತಾರೆ. ಅದರ ಬ್ಯಾಟರಿ ಕೆಲವು ವರ್ಷಗಳಲ್ಲಿ ಸೊರಗುತ್ತದೆಂಬುದೇ ಕೊರತೆ. ತಂತಿಯ ಒಳ್ಳೆಯ ಹೆಡ್‌ಫೋನು ಕಿವಿಯ ಮೆತ್ತೆಯನ್ನು ಬದಲಾಯಿಸುತ್ತ ಹೋದರೆ ಇಪ್ಪತ್ತು ವರ್ಷ ಬಾಳಬಲ್ಲುದು.

ಅಜ್ಞಾತ ಶಿಲ್ಪಿಯೊಬ್ಬನ ಕೊಡುಗೆ

ಹೊಂದಾಣಿಕೆಯ ಆಂಪ್ಲಿಫೈಯರಿಗೆ ಅಪಾರ ಹಣ ಬೇಕೆಂಬ ಭ್ರಮೆಯನ್ನು ಒಡೆದ ಘಟನೆಯೊಂದು 2011ರಲ್ಲಿ ನಡೆಯಿತು. ತನ್ನ ನಿಜನಾಮವನ್ನು ಎಂದೂ ಬಹಿರಂಗಪಡಿಸದ ಇಂಜಿನಿಯರೊಬ್ಬ 'ಓ-2' ಎಂಬ ಹೆಡ್‌ಫೋನ್ ಆಂಪ್ಲಿಫೈಯರಿನ ಸಂಪೂರ್ಣ ನಕ್ಷೆಯನ್ನು, ಅಳತೆಯ ವಿವರಗಳೊಡನೆ, ಜಗತ್ತಿಗೆ ಉಚಿತವಾಗಿ ನೀಡಿದ. ಸಾಧಾರಣ ಐ.ಸಿ.ಗಳು, ಎರಡು 9 ವೋಲ್ಟಿನ ಬ್ಯಾಟರಿಗಳು, ಕೈಬೆರಳೆಣಿಕೆಯ ಬಗೆಗಳ ಬಿಡಿಭಾಗಗಳು. ಹೊರತಡೆ ಸುಮಾರು ಅರ್ಧ ಓಮ್. ಹತ್ತಾರು ಪಟ್ಟು ಬೆಲೆಯ ಯಂತ್ರಗಳಿಗೆ ಅಳತೆಯಲ್ಲಿ ಅದು ಸರಿಸಮನಾಗಿ ನಿಂತಿತು. ಮರುವರ್ಷ ಆತ ಸಾರ್ವಜನಿಕ ಜೀವನದಿಂದ ಸದ್ದಿಲ್ಲದೆ ಮರೆಯಾದ. ಆತನ ನಕ್ಷೆ ಮಾತ್ರ ಉಳಿಯಿತು.

ಎಸ್.ಪಿ. ರಸ್ತೆಯಂತಹ ಬೀದಿಯ ಮಹತ್ವ ಇಲ್ಲಿದೆ. ರೆಸಿಸ್ಟರು, ಕೆಪಾಸಿಟರು, ಬೆಸುಗೆಯ ಸೀಸ, ಪ್ಲಗ್ಗು, ಲೋಹದ ಡಬ್ಬಿ, ಎಲ್ಲವೂ ಬಿಡಿಬಿಡಿಯಾಗಿ ದೊರೆಯುವ ಪೇಟೆ ಅದು. ಬೆಸುಗೆ ಹಾಕಲು ಕಲಿತ ಕಾಲೇಜು ವಿದ್ಯಾರ್ಥಿ ರಜೆಯಲ್ಲಿ ಇಂತಹ ಯಂತ್ರವೊಂದನ್ನು ಕೂಡಿಸಬಲ್ಲ. ಆದರೆ ದೊಡ್ಡ ಪೇಟೆಯೆಂದ ಮೇಲೆ ಯಾವ ಊರಿನಲ್ಲಾದರೂ ಅಸಲಿನ ಜೊತೆಗೆ ನಕಲೂ ಸೇರಿರುವುದುಂಟು. ಪ್ರಸಿದ್ಧ ಐ.ಸಿ. ನಂಬಲಾಗದಷ್ಟು ಅಗ್ಗವಾಗಿ ಬಂದರೆ ಸಂಶಯಪಡಬೇಕು. ಬಿಲ್ಲು ಕೇಳಿ ಪಡೆಯಬೇಕು.

ಕೊಳ್ಳುವ ಮುನ್ನ

ಅಂಗಡಿಯಲ್ಲಿ ಎರಡು ಜೋಡಿಗಳನ್ನು ಹೋಲಿಸಿ ನೋಡುವಾಗ ಕಿವಿ ಸುಲಭವಾಗಿ ಮೋಸಹೋಗುತ್ತದೆ. ಒಂದೆರಡು ಡೆಸಿಬೆಲ್ ಜೋರಾಗಿರುವುದೇ 'ಉತ್ತಮ'ವೆಂದು ಮನಸ್ಸಿಗೆ ತೋರುವುದು ಮಾನವಸಹಜ. ಆದ್ದರಿಂದ ಎರಡರ ಸದ್ದನ್ನೂ ಸಮನಾಗಿಸಿಕೊಂಡು, ಚೆನ್ನಾಗಿ ಪರಿಚಿತವಾದ ಒಂದೇ ಕೃತಿಯನ್ನು ಎರಡರಲ್ಲಿಯೂ ಕೇಳಬೇಕು. ಮೀಟಿದ ತಂತಿಯ ನಾದ ಎಷ್ಟು ಹೊತ್ತು ನಿಂತು ಕರಗುತ್ತದೆ, ತಂಬೂರಿ ಗಾಯನದ ಹಿಂದೆ ಬೇರೆಯಾಗಿ ಕೇಳುತ್ತದೆಯೆ, ಮೃದಂಗದ ಎರಡು ಮುಖಗಳೂ ತಮ್ಮ ತಮ್ಮ ಪ್ರಮಾಣದಲ್ಲಿವೆಯೆ ಎಂಬುದನ್ನು ಗಮನಿಸಿದರೆ ಜಾಹೀರಾತಿನ ವಿಶೇಷಣಗಳ ಅಗತ್ಯ ಬೀಳದು.

ಮನೆಗೆ ತಂದ ಮೇಲೆ 'ಗುಂಯ್' ಎಂಬ ಸದ್ದು ಬಂದರೆ ಹೆಡ್‌ಫೋನನ್ನು ದೂಷಿಸಬೇಕಾಗಿಲ್ಲ. 1905ರಲ್ಲಿ ಬೆಂಗಳೂರಿನ ಬೀದಿಗಳಿಗೆ ವಿದ್ಯುದ್ದೀಪ ಬಂದಾಗ ಮೊದಲು ಬೆಳಗಿದುದು ಈ ಮಾರುಕಟ್ಟೆಯ ಪ್ರದೇಶವೇ. ಅಂತಹ ಹಳೆಯ ಬಡಾವಣೆಗಳ ಕೆಲವು ಮನೆಗಳಲ್ಲಿ ತಂತಿಜಾಲವೂ ಹಳೆಯದು. ನೆಲಕ್ಕೆ ಸೇರಬೇಕಾದ ಅರ್ತಿಂಗ್ ತಂತಿ ಸರಿಯಾಗಿರುವುದಿಲ್ಲ. ಆಗ ಸೆಕೆಂಡಿಗೆ 50 ಸಲ ಮಿಡಿಯುವ ಮನೆಯ ವಿದ್ಯುತ್ತೇ ಕಿವಿಯಲ್ಲಿ ಗುನುಗುತ್ತದೆ. ಕಂಪ್ಯೂಟರನ್ನೂ ಆಂಪ್ಲಿಫೈಯರನ್ನೂ ಒಂದೇ ಮೂರು ಪಿನ್ನಿನ ಹಲಗೆಗೆ ಸಿಕ್ಕಿಸಿದರೆ ಎಷ್ಟೋ ವೇಳೆ ಅದು ಶಮನವಾಗುತ್ತದೆ. ಆಗದಿದ್ದರೆ ಎಲೆಕ್ಟ್ರೀಷಿಯನ್ನರಿಂದ ಅರ್ತಿಂಗ್ ಸರಿಪಡಿಸಿಕೊಳ್ಳುವುದು ಸಂಗೀತಕ್ಕೂ ಕ್ಷೇಮ, ಪ್ರಾಣಕ್ಕೂ ಕ್ಷೇಮ.

ಹಣವನ್ನು ಹಂಚುವ ಕ್ರಮವೂ ಇದರಿಂದ ಸ್ಪಷ್ಟವಾಗುತ್ತದೆ. ಸಿಂಹಪಾಲು ಹೆಡ್‌ಫೋನಿಗೆ; ಅದರ ಹಸಿವಿಗೆ ತಕ್ಕಷ್ಟು ಮಾತ್ರ ಆಂಪ್ಲಿಫೈಯರಿಗೆ; ಉಳಿದ ಅಲ್ಪಭಾಗ ಡ್ಯಾಕಿಗೆ. ಬೆಲೆಬಾಳುವ ತಂತಿಗಳಿಗೆಂದು ತೆಗೆದಿಟ್ಟ ಹಣವಿದ್ದರೆ ಅದನ್ನು ಕಚೇರಿಯ ಟಿಕೇಟಿಗೆ ವಿನಿಯೋಗಿಸುವುದು ಮೇಲು.

ಬದಲಾಯಿಸಲಾಗದ ಯಂತ್ರ

ಈ ಸರಪಳಿಯ ಕೊನೆಯ ಕೊಂಡಿಯನ್ನು ಯಾವ ಅಂಗಡಿಯಲ್ಲಿಯೂ ಮಾರುವುದಿಲ್ಲ. ಅದು ಕಿವಿ. ಪ್ರತಿಯೊಂದು ಒಳಗಿವಿಯಲ್ಲಿಯೂ ಸದ್ದನ್ನು ಗ್ರಹಿಸುವ ಸುಮಾರು 15,000 ರೋಮಕೋಶಗಳಿರುತ್ತವೆ. ಅತಿಯಾದ ಸದ್ದಿಗೆ ಸತ್ತವು ಮನುಷ್ಯರಲ್ಲಿ ಮತ್ತೆ ಹುಟ್ಟುವುದಿಲ್ಲ. ವಾರಕ್ಕೆ 80 ಡೆಸಿಬೆಲ್ಲಿನಲ್ಲಿ 40 ಗಂಟೆ ಎಂಬುದು ವಯಸ್ಕರಿಗೆ ವಿಶ್ವ ಆರೋಗ್ಯ ಸಂಸ್ಥೆ ಹೇಳಿರುವ ಮಿತಿ. ಮಕ್ಕಳಿಗೆ 75 ಡೆಸಿಬೆಲ್. ಪ್ರತಿ 3 ಡೆಸಿಬೆಲ್ ಏರಿಕೆಗೂ ಕಾಲ ಅರ್ಧಕ್ಕೆ ಇಳಿಯುತ್ತದೆ. 83ಕ್ಕೆ 20 ಗಂಟೆ, 86ಕ್ಕೆ 10, 89ಕ್ಕೆ 5, 92ಕ್ಕೆ ಎರಡೂವರೆ ಗಂಟೆ. ಅದೂ ದಿನಕ್ಕಲ್ಲ, ವಾರಕ್ಕೆ.

ಮಾರುಕಟ್ಟೆಯ ಬಸ್ ನಿಲ್ದಾಣದಲ್ಲಿ ನಿಂತ ತರುಣನು ಸುತ್ತಲಿನ ಗದ್ದಲವನ್ನು ಮೀರಿ ಹಾಡು ಕೇಳಲು ತಿರುಗುಣಿಯನ್ನು ಏರಿಸುತ್ತಾನೆ. ಗದ್ದಲ ತನ್ನ ಕಿವಿಗೆ ಹಾನಿ ಮಾಡುತ್ತಿದೆಯೆಂದು ಆತ ತಿಳಿದಿರಬಹುದು. ಗದ್ದಲದ ಮೇಲೆ ಏರಿಸಿದ ಹಾಡು ಇನ್ನೂ ಹೆಚ್ಚಿನ ಹಾನಿ ಮಾಡುತ್ತಿದೆಯೆಂಬುದು ತಿಳಿಯದು. ಬೆನ್ನು ತೆರೆದ ಹೆಡ್‌ಫೋನು ಹೊರಗಿನ ಸದ್ದನ್ನು ಒಳಬಿಡುವುದರಿಂದ ಅದು ಮನೆಯ ನಿಶ್ಶಬ್ದಕ್ಕೆ ತಕ್ಕುದು. ಬೀದಿಗೆ ಮುಚ್ಚಿದ ಬಗೆಯದು, ಇಲ್ಲವೆ ಹೊರಸದ್ದನ್ನು ಅಡಗಿಸುವ ಬಗೆಯದು ಒಳ್ಳೆಯದು. ಹಿರಿಯರ ವಿಷಯ ಬೇರೆ. ದಿನದಿನಕ್ಕೆ ತಿರುಗುಣಿ ಮೇಲಕ್ಕೆ ಹೋಗುತ್ತಿದ್ದರೆ, ಅಥವಾ ಸಾಹಿತ್ಯದ ಅಕ್ಷರಗಳು ಅಸ್ಪಷ್ಟವೆನಿಸಿದರೆ, ಆಂಪ್ಲಿಫೈಯರು ಸಾಲದೆಂದು ಇನ್ನೂ ದೊಡ್ಡದನ್ನು ತರುವುದಕ್ಕೆ ಮೊದಲು ಕಿವಿಯ ವೈದ್ಯರ ಬಳಿ ಶ್ರವಣಪರೀಕ್ಷೆ ಮಾಡಿಸುವುದು ವಿವೇಕ. ಹೆಚ್ಚು ಬಲದ ಯಂತ್ರ ಬೇನೆಯನ್ನು ಮರೆಮಾಚುವುದು, ಬೆಳೆಸುವುದೂ ಉಂಟು.

ಸಾಲಾವಳಿ ಸರಿಯಾಗಿ ಕೂಡಿಬಂದ ಹೆಡ್‌ಫೋನಿನ ದೊಡ್ಡ ಗುಣವೂ ಇದೇ. ಬಲ, ತಡೆ, ಮೂಲ ಮೂರೂ ಹೊಂದಿದಾಗ ಸಂಗೀತ ಮೆಲ್ಲಗಿದ್ದರೂ ತುಂಬಿಕೊಂಡಂತೆ ಕೇಳುತ್ತದೆ. ಗಮಕದ ಸಣ್ಣ ಅಲುಗಾಟವೂ ತಪ್ಪಿಹೋಗುವುದಿಲ್ಲ. ತಿರುಗುಣಿಯನ್ನು ಏರಿಸಬೇಕೆಂಬ ಆಸೆಯೇ ಹುಟ್ಟುವುದಿಲ್ಲ. ಹೊಸ ಜೋಡಿಯನ್ನು ಮನೆಗೆ ತಂದ ಮೊದಲ ರಾತ್ರಿ, ಹಾಡು ಹಿತವಾಗಿ ಕೇಳುವ ಎಡೆಯಲ್ಲಿ ತಿರುಗುಣಿಯ ಪಕ್ಕಕ್ಕೆ ಒಂದು ಚುಕ್ಕೆ ಇಟ್ಟುಕೊಳ್ಳುವುದು ಒಳ್ಳೆಯ ಪದ್ಧತಿ. ಮನೆಯವರೆಲ್ಲರೂ ಆ ಚುಕ್ಕೆಯನ್ನು ದಾಟದಂತೆ ನೋಡಿಕೊಂಡರೆ ಹೆಡ್‌ಫೋನು ಬಾಳುವಷ್ಟು ಕಾಲ ಕಿವಿಯೂ ಬಾಳುತ್ತದೆ.